ಎದೆಯ ಮೇಲೊಂದು ಹೆಂಡಿ ಹುಳ

ಊರಿಂದ ಯಾರೇ ಬಂದರೂ ತೋರಿಸಬೇಕಾದ ಜಾಗಗಳ ಪಟ್ಟಿಯೊಂದು ಹೈದರಾಬಾದಿನ ಪ್ರತಿ ಕನ್ನಡ ಮನೆಯಲ್ಲೂ ಇರುತ್ತದೆ. ಚಾರ್‌ಮಿನಾರ್, ಗೋಲ್ಕೊಂಡ, ಬಿರ್ಲಾ ಮಂದಿರ, ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಂಟೆ ಹೊಡೆಯುವ ಗಡಿಯಾರ. ಅವ್ವನಿಗೆ ಇವೆಲ್ಲ ಎರಡೆರಡು ಸಲ ಆಗಿವೆ. ಈ ಸಲ ರಾಯಚೂರಿಂದ ಬಂದವಳು ಚಹಾ ಕುಡಿದು ಮುಗಿಸುವ ಮೊದಲೇ ಕೇಳಿದಳು: "ತಮ್ಮಾ, ಇಲ್ಲಿ ಎಲ್ಲೋ ಸತ್ತವರ ಹೆಣ ಕಾಜಿನ ಪೆಟ್ಟಿಗ್ಯಾಗ ಇಟ್ಟಾರಂತಲ್ಲ, ನನಗ ಯಾಕ ತೋರಿಸಿಲ್ಲ ನೀ?"

ತೋರಿಸದೇ ಇದ್ದುದಕ್ಕೆ ಕಾರಣವಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಭಾನುವಾರ ಮೆಟ್ರೊ ಹತ್ತಿ ಅಸೆಂಬ್ಲಿ ಸ್ಟೇಷನ್ನಿನಲ್ಲಿ ಇಳಿದೆವು. ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ ಅಲ್ಲಿಂದ ನಡೆಯುವಷ್ಟೇ ದೂರ. ಹಳಬರು ಇದನ್ನು ಈಗಲೂ ಬಾಗ್-ಎ-ಆಮ್ ಎನ್ನುತ್ತಾರೆ. ಗಿಡಗಳ ನಡುವಿನ ಬಿಳಿ ಕಟ್ಟಡವೇ ತೆಲಂಗಾಣ ಸ್ಟೇಟ್ ಮ್ಯೂಸಿಯಂ. ಸಾಲಾರ್ ಜಂಗ್‌ಗೆ ಹೋಗುವ ಜನರಲ್ಲಿ ಹತ್ತರಲ್ಲೊಬ್ಬರೂ ಇಲ್ಲಿಗೆ ಬರುವುದಿಲ್ಲ. ಈಜಿಪ್ಟ್ ಎಂದರೆ ನಮ್ಮ ಮಂದಿ ಸಾಲಾರ್ ಜಂಗ್‌ನಲ್ಲಿರುವ ಟುಟಾಂಖಾಮನ್ ಸಿಂಹಾಸನ ನೋಡಿ ಫೋಟೊ ತೆಗೆದುಕೊಳ್ಳುತ್ತಾರೆ. ಅದು ನಕಲು. ಅಸಲು ಇರುವುದು ಇಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಮಲಗಿಕೊಂಡು.

ಹೆಸರು ನೈಶು. ಆರನೇ ಫೇರೋನ ಮಗಳು ಎಂದು ಪರಿಚಯಿಸುತ್ತಾರೆ, ಕಾಲ ಟಾಲೆಮಿಗಳದ್ದು ಎನ್ನುತ್ತಾರೆ. ಟಾಲೆಮಿಗಳೆಂದರೆ ಅಲೆಕ್ಸಾಂಡರನ ನಂತರ ಈಜಿಪ್ಟನ್ನು ಆಳಿದ ಗ್ರೀಕ್ ಮನೆತನ, ಕ್ಲಿಯೋಪಾತ್ರಳ ವಂಶ. ಅವರಿಗಿಂತ ಮುಂಚೆ ಮೂರು ಸಾವಿರ ವರ್ಷ ಫೇರೋಗಳು ಆಳಿ ಹೋಗಿದ್ದರು. ಹಾಗಿರುವಾಗ ಎಣಿಕೆಯಲ್ಲಿ ಆರನೆಯವನು ಯಾರು? ಆರನೇ ನಿಜಾಮ, ಏಳನೇ ನಿಜಾಮ ಎಂದು ಎಣಿಸುವ ಊರಿನಲ್ಲಿ ಫೇರೋಗಳಿಗೂ ಅದೇ ಲೆಕ್ಕ ಅಂಟಿಕೊಂಡಿತೋ ಏನೋ ಎಂದು ನನ್ನ ಗುಮಾನಿ. ಬಂದದ್ದಂತೂ ನಿಜಾಮರ ಮನೆತನದ ಮೂಲಕವೇ. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಅಳಿಯ ನಜೀರ್ ನವಾಜ್ ಜಂಗ್ 1920ರ ಸುಮಾರಿಗೆ ಸಾವಿರ ಪೌಂಡ್ ಕೊಟ್ಟು ಇವಳನ್ನು ಕೊಂಡು ತಂದರು. ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ ಕಾಣಿಕೆ ಕೊಟ್ಟರು. ಅವರು 1930ರಲ್ಲಿ ಮ್ಯೂಸಿಯಂಗೆ ದಾಟಿಸಿದರು. ಮನೆಯಲ್ಲಿ ಇಟ್ಟುಕೊಳ್ಳಲು ಯಾರಿಗೆ ತಾನೇ ಧೈರ್ಯ?

ನಮ್ಮ ಕಡೆಯವರಿಗೆ ಈ ಮ್ಯೂಸಿಯಂ ಪರಕೀಯವಲ್ಲ, ಅದನ್ನೂ ಹೇಳಬೇಕು. 1956ರ ನವೆಂಬರ್ ತನಕ ರಾಯಚೂರು, ಕಲಬುರಗಿ, ಬೀದರ್ ಎಲ್ಲ ಹೈದರಾಬಾದಿನ ಕಚೇರಿಗಳಿಗೇ ಸೇರಿದ್ದವು. ನಿಜಾಮರು 1914ರಲ್ಲಿ ಪುರಾತತ್ವ ಇಲಾಖೆ ಶುರುಮಾಡಿ ಗುಲಾಮ್ ಯಜ್ದಾನಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿದರು. ಆ ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವೇ ನಮ್ಮ ಮಸ್ಕಿಯ ಮೇಲೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಮಸ್ಕಿ ಗುಡ್ಡದ ಬಂಡೆಯ ಮೇಲೆ ಬರಹ ಕಂಡ. ದೇವಾನಾಂಪ್ರಿಯ ಎಂದು ಎಲ್ಲ ಕಡೆ ಬರೆಸಿಕೊಂಡ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಅವ್ವನ ತವರು ಅಲ್ಲಿಗೆ ಎರಡು ಹರದಾರಿ. ಚಿಕ್ಕವಳಿದ್ದಾಗ ಆ ಗುಡ್ಡದಲ್ಲಿ ಆಡು ಕಾಯ್ದಿದ್ದಾಳೆ. ಬಂಡೆಯ ಮೇಲಿನದು ನಿಧಿ ಎಲ್ಲಿದೆ ಎಂಬ ಗುರುತು ಎಂದು ಆಗ ಊರವರೆಲ್ಲ ನಂಬಿದ್ದರಂತೆ.

ಅವ್ವ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಳು. ನಾನು ನನಗೆ ಗೊತ್ತಿದ್ದದ್ದನ್ನು ಹೇಳುತ್ತಾ ಹೋದೆ. 2016ರಲ್ಲಿ ಎಕ್ಸ್‌ರೇ, ಸ್ಕ್ಯಾನ್ ಮಾಡಿ ಒಳಗೆ ಹೇಗಿದ್ದಾಳೆ ಎಂದು ನೋಡಿದ್ದು, ಗಾಳಿಗೆ ಹಾಳಾಗದಂತೆ ಆಮ್ಲಜನಕ ತೆಗೆದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದು. ಅವ್ವ ಸ್ಕ್ಯಾನ್ ಎಂಬ ಮಾತಿಗೆ ಒಮ್ಮೆ ನನ್ನ ಕಡೆ ನೋಡಿದಳು. ಮತ್ತೆ ಪೆಟ್ಟಿಗೆಯ ಕಡೆ ತಿರುಗಿ ಕೇಳಿದಳು:

"ಈಕಿ ಕೊಳ್ಳಾಗ, ತೋಳಾಗ ಏನಾರ ಕಟ್ಟಿ ಕಳಿಸ್ಯಾರೇನು?"

ನಾನು ಆ ಜಾಗಕ್ಕೆ ಇಷ್ಟು ದಿನ ಕರೆತರದೇ ಇದ್ದುದು ಈ ಪ್ರಶ್ನೆಗೆ ಹೆದರಿಯೇ.

ಈಜಿಪ್ಟಿನವರು ಸತ್ತವರಿಗೆ ಕಟ್ಟಿ ಕಳಿಸುತ್ತಿದ್ದರು. ನೂರಾರು ಬಗೆಯ ತಾಯಿತಗಳು: ಕಣ್ಣು, ಗಂಟು, ಕಂಬ, ಕಪ್ಪೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾಡಿದ್ದು ಒಂದು ಹುಳುವಿನ ಆಕಾರದ್ದು. ಇಂಗ್ಲಿಷಿನವರು ಸ್ಕ್ಯಾರಬ್ ಎನ್ನುತ್ತಾರೆ. ಬೆಂಗಳೂರು-ಮೈಸೂರು ಕಡೆಯ ಓದುಗರು ಸಗಣಿ ಹುಳು ಎಂದುಕೊಳ್ಳಿ. ನಮಗದು ಹೆಂಡಿ ಹುಳ. ಮಳೆ ಬಿದ್ದ ಮರುದಿನ ದನದ ಹಾದಿಯಲ್ಲಿ ಗೋಲಿಯಷ್ಟು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಹಿಂದಕ್ಕೆ ನೂಕುತ್ತಾ ಹೋಗುತ್ತದಲ್ಲ, ಅದೇ. ಫೋನಿನಲ್ಲಿ ಚಿತ್ರ ತೋರಿಸಿದಾಗ ಅವ್ವ ನಕ್ಕೇಬಿಟ್ಟಳು. "ಹೆಂಡಿ ಹುಳಾನೇ? ರಾಜರ ಕೊಳ್ಳಾಗೇ?" ಸಗಣಿಯವನ ಸ್ನೇಹಕ್ಕಿಂತ ಗಂಧದವನ ಜೊತೆ ಗುದ್ದಾಟ ಲೇಸು ಎಂದು ಗಾದೆ ಮಾಡಿದ ಜನ ನಾವು.

ಅವರು ಆ ಹುಳದಲ್ಲಿ ಬೇರೆಯದೇ ಕಂಡರು. ಉಂಡೆ ಉರುಳಿಸುವ ಹುಳ ಅವರ ಕಣ್ಣಿಗೆ ಸೂರ್ಯನನ್ನು ಆಕಾಶದಲ್ಲಿ ನೂಕುವ ದೇವರಾಯಿತು. ಹೆಂಡಿಯೊಳಗಿಂದ ಮರಿ ತಾನಾಗಿಯೇ ಹೊರಬರುವುದನ್ನು ನೋಡಿ, ಇದು ಯಾರ ಹಂಗೂ ಇಲ್ಲದೆ ತನ್ನನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದುಕೊಂಡರು. ಬೆಳಗಿನ ಸೂರ್ಯನಿಗೆ ಖೆಪ್ರಿ ಎಂದು ಹೆಸರಿಟ್ಟರು. ಆ ಹೆಸರಿನ ಮೂಲದಲ್ಲಿ ಇರುವ ಧಾತುವಿಗೆ 'ಆಗುವುದು' ಎಂದು ಅರ್ಥ. ಹುಳದ ಚಿತ್ರ ಬರೆದರೆ ಅದೇ ಆ ಅಕ್ಷರ. (ಆಕಾಶದ ಜೊತೆ ಹುಳಕ್ಕೆ ಸಂಬಂಧ ಇರುವುದು ಸುಳ್ಳೂ ಅಲ್ಲ. ಸ್ವೀಡನ್ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ಇವುಗಳ ತಲೆಗೆ ರಟ್ಟಿನ ಟೊಪ್ಪಿಗೆ ಹಾಕಿ ನೋಡಿ, ರಾತ್ರಿ ಇವು ಆಕಾಶಗಂಗೆಯ ಬೆಳಕಿನಲ್ಲಿ ದಾರಿ ಹಿಡಿಯುತ್ತವೆ ಎಂದು 2013ರಲ್ಲಿ ಪ್ರಕಟಿಸಿದರು. ಹೆಂಡಿ ಹುಳಕ್ಕೆ ಟೊಪ್ಪಿಗೆ ಹೊಲಿದ ಕೈ ಯಾರದ್ದೋ, ಅವರಿಗೆ ನನ್ನ ನಮಸ್ಕಾರ.)

ಸಾಮಾನ್ಯ ಹುಳ ಬೆರಳಿನ ಉಗುರಿನಷ್ಟು ಗಾತ್ರ. ಮೆತ್ತನೆಯ ಬಳಪದ ಕಲ್ಲಿನಲ್ಲಿ ಕೆತ್ತಿ, ನೀಲಿ-ಹಸಿರು ಹೊಳಪು ಕೊಟ್ಟು, ಉದ್ದಕ್ಕೆ ತೂತು ಕೊರೆದು ದಾರ ಪೋಣಿಸುತ್ತಿದ್ದರು. ಮೇಲೆ ಹುಳ, ಕೆಳಗೆ ಚಪ್ಪಟೆ ಹೊಟ್ಟೆ. ಹೊಟ್ಟೆಯ ಮೇಲೆ ಬರಹ: ದೊರೆಯ ಹೆಸರು, ದೇವರ ಹೆಸರು, ಅಧಿಕಾರಿಯ ಹುದ್ದೆ, ಶುಭಹಾರೈಕೆ. ಎಷ್ಟೋ ಜನ ಅದನ್ನೇ ಉಂಗುರಕ್ಕೆ ಕೂಡಿಸಿ ಮೊಹರಾಗಿಯೂ ಒತ್ತುತ್ತಿದ್ದರು. ಮೂರನೇ ಅಮೆನ್‌ಹೋಟೆಪ್ ಎಂಬ ದೊರೆಯಂತೂ ಅಂಗೈಯಷ್ಟು ದೊಡ್ಡ ಹುಳಗಳನ್ನು ಮಾಡಿಸಿ, ತಾನು ಮೊದಲ ಹತ್ತು ವರ್ಷದಲ್ಲಿ 102 ಸಿಂಹ ಹೊಡೆದೆ, ರಾಣಿಗೆ ಕೆರೆ ಕಟ್ಟಿಸಿದೆ ಎಂದೆಲ್ಲ ಬರೆಸಿ ಊರೂರಿಗೆ ಕಳಿಸಿದ. ಈಗಿನ ಪೇಪರಿನ ಪೂರ್ಣಪುಟದ ಸರ್ಕಾರಿ ಜಾಹೀರಾತನ್ನು ನೋಡಿದಾಗಲೆಲ್ಲ ನನಗೆ ಆ ಹುಳಗಳ ನೆನಪಾಗುತ್ತದೆ.

ನಾನು ಅವ್ವನಿಗೆ ಹೇಳಬೇಕಾಗಿದ್ದ ಹುಳ ಇವಲ್ಲ. ಅದು ಎದೆಯ ಹುಳ.

ಹೆಣವನ್ನು ಕಾಪಿಡುವಾಗ ಈಜಿಪ್ಟಿನವರು ಮಿದುಳನ್ನು ಮೂಗಿನಿಂದ ಕೊಕ್ಕೆ ಹಾಕಿ ಎಳೆದು ಬಿಸಾಕುತ್ತಿದ್ದರು. ಅದರ ಉಪಯೋಗ ಅವರಿಗೆ ಕಂಡಿರಲಿಲ್ಲ. ಪಿತ್ತಜನಕಾಂಗ, ಶ್ವಾಸಕೋಶ, ಜಠರ, ಕರುಳು ನಾಲ್ಕನ್ನೂ ಬೇರೆಯಾಗಿ ತೆಗೆದಿಡುತ್ತಿದ್ದರು. ಹೃದಯವನ್ನು ಮಾತ್ರ ಇದ್ದಲ್ಲೇ ಬಿಡುತ್ತಿದ್ದರು. ಮನುಷ್ಯ ಯೋಚಿಸುವುದು, ನೆನಪಿಡುವುದು ಎಲ್ಲ ಎದೆಯಲ್ಲೇ ಎಂದು ಅವರ ತಿಳಿವಳಿಕೆ. ಸತ್ತ ಮೇಲೆ ಆ ಎದೆಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಸತ್ಯದ ದೇವತೆ ಮಾತ್‌ಳ ಗರಿಯಿಟ್ಟು ತೂಗುತ್ತಾರೆ. ನರಿಮುಖದ ಅನುಬಿಸ್ ತಕ್ಕಡಿ ನೋಡುತ್ತಾನೆ, ಕೊಕ್ಕರೆ ಮುಖದ ಥೋತ್ ಲೆಕ್ಕ ಬರೆಯುತ್ತಾನೆ. ಪಕ್ಕದಲ್ಲಿ ಮೊಸಳೆ ಮೂತಿ, ಸಿಂಹದ ಮುಂಗಾಲು, ನೀರಾನೆಯ ಹಿಂಭಾಗದ ಅಮ್ಮಿತ್ ಬಾಯಿ ತೆರೆದು ಕೂತಿರುತ್ತದೆ. ಎದೆ ಭಾರವಾದರೆ ಅದರ ಪಾಲು.

ಅವ್ವನಿಗೆ ಇದೆಲ್ಲ ಹೊಸದೇನಲ್ಲ. "ಚಿತ್ರಗುಪ್ತನ ಕಚೇರಿ" ಎಂದಳು. ಈ ಊರಿನಲ್ಲಿ ಚಿತ್ರಗುಪ್ತನಿಗೆ ಗುಡಿಯೇ ಇದೆ, ಹಳೇ ಊರಿನ ಕಂದಿಕಲ್ ಗೇಟ್ ಹತ್ತಿರ. ದೀಪಾವಳಿ ಹೊತ್ತಿನ ಯಮದ್ವಿತೀಯದಂದು ಅಲ್ಲಿ ಜನ ಸೇರುತ್ತಾರೆ. ಆದರೆ ಚಿತ್ರಗುಪ್ತ ಹೊರಗಿನ ಗುಮಾಸ್ತ. ಈಜಿಪ್ಟಿನವರು ಹೆದರಿದ್ದು ಒಳಗಿನ ಸಾಕ್ಷಿಗೆ. ನಾನು ಮಾಡಿದ್ದೆಲ್ಲ ನನ್ನ ಎದೆಗೆ ಗೊತ್ತು, ತೂಗುವ ಹೊತ್ತಿನಲ್ಲಿ ಅದೇ ಎದ್ದು ನಿಂತು ನನ್ನ ಮೇಲೆ ಹೇಳಿಬಿಟ್ಟರೆ? ಅದಕ್ಕೇ ಹಸಿರು ಕಲ್ಲಿನಲ್ಲಿ ದೊಡ್ಡ ಹುಳ ಕೆತ್ತಿ, ಹೊಟ್ಟೆಯ ಮೇಲೆ ಒಂದು ಮಂತ್ರ ಬರೆದು, ಹೆಣದ ಎದೆಯ ಮೇಲೆ ಇಡುತ್ತಿದ್ದರು. ಮಂತ್ರ ಸತ್ತವರ ಪುಸ್ತಕ ಎಂದು ಹೆಸರಾದ ಗ್ರಂಥದ 30ನೇ ಅಧ್ಯಾಯದ್ದು. ಅದರಲ್ಲಿ ಸತ್ತವನು ತನ್ನ ಎದೆಯನ್ನು ತಾಯಿಯಿಂದ ಬಂದದ್ದೆಂದು ಕರೆದು, ನನ್ನ ವಿರುದ್ಧ ಸಾಕ್ಷಿಗೆ ನಿಲ್ಲಬೇಡ, ತಕ್ಕಡಿಯವನ ಮುಂದೆ ನನ್ನನ್ನು ಬಿಟ್ಟುಕೊಡಬೇಡ ಎಂದು ಕೈಮುಗಿಯುತ್ತಾನೆ. ಒಳ್ಳೆಯವನಾಗಿದ್ದೆ ಎಂದು ವಾದಿಸುವ ಮಂತ್ರಗಳು ಬೇರೆ ಇವೆ. ಇದು ಮಾತ್ರ ಗುಟ್ಟಾಗಿ ಬೇಡಿಕೊಳ್ಳುವುದು. ಕೆಲವನ್ನು ಮೊದಲೇ ಮಾಡಿಟ್ಟು ಹೆಸರಿನ ಜಾಗ ಖಾಲಿ ಬಿಡುತ್ತಿದ್ದರು. ಕೊಂಡವರ ಹೆಸರು ತುಂಬಿದರಾಯಿತು.

ಮನಸ್ಸಾಕ್ಷಿ ಎಂಬ ನಮ್ಮ ಶಬ್ದವನ್ನು ನಾನು ಎಷ್ಟು ಸಾವಿರ ಸಲ ಬಳಸಿದ್ದೇನೋ. ಅದರೊಳಗೆ ಒಬ್ಬ ಸಾಕ್ಷಿ ಕೂತಿದ್ದಾನೆ ಎಂದು ಈ ಹುಳದ ಬಗ್ಗೆ ಓದುವ ತನಕ ಹೊಳೆದಿರಲಿಲ್ಲ.

ಹೀಗೆ ಎದೆಯ ಬಾಯಿ ಮುಚ್ಚಿಸಲು ಹೋದವರಲ್ಲಿ ಸೊಬೆಕೆಮ್‌ಸಾಫ್ ಎಂಬ ದೊರೆಯೂ ಒಬ್ಬ. ಅವನ ಹುಳ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹಸಿರು ಜಾಸ್ಪರ್ ಕಲ್ಲು, ಹುಳಕ್ಕೆ ಮನುಷ್ಯನ ಮುಖ, ಸುತ್ತ ಚಿನ್ನದ ಕಟ್ಟು, ಆ ಚಿನ್ನದ ಮೇಲೂ ಅಕ್ಷರ. ಅವನು ಸತ್ತು ನಾನೂರು ಚಿಲ್ಲರೆ ವರ್ಷಗಳ ಮೇಲೆ, ಕ್ರಿ.ಪೂ. 1110ರ ಸುಮಾರಿಗೆ, ಅಮೆನ್‌ಪನುಫೆರ್ ಎಂಬ ಕಲ್ಲುಕುಟಿಗ ಗೆಳೆಯರನ್ನು ಕಟ್ಟಿಕೊಂಡು ಆ ಹೆಸರಿನ ದೊರೆಯ ಗೋರಿಗೆ ಕನ್ನ ಹಾಕಿದ. ಸಿಕ್ಕಿಬಿದ್ದ ಮೇಲೆ ಕೊಟ್ಟ ಹೇಳಿಕೆ ಪಪೈರಸ್ ಮೇಲೆ ಹಾಗೇ ಉಳಿದಿದೆ: ದೊರೆಯ ಕೊರಳಿನ ತುಂಬ ತಾಯಿತ ಮತ್ತು ಚಿನ್ನ ಇದ್ದದ್ದು, ರಾಣಿಯದ್ದನ್ನೂ ದೋಚಿದ್ದು, ಪೆಟ್ಟಿಗೆಗಳಿಗೆ ಬೆಂಕಿ ಹಚ್ಚಿದ್ದು, ಸಿಕ್ಕ 160 ದೆಬೆನ್ ಚಿನ್ನವನ್ನು ಎಂಟು ಪಾಲು ಮಾಡಿದ್ದು. ಇವತ್ತಿನ ಲೆಕ್ಕಕ್ಕೆ ಹದಿನಾಲ್ಕು ಕಿಲೋ ಮೇಲೆ. ಇದಕ್ಕೂ ಮೊದಲು ಒಂದು ಸಲ ಸಿಕ್ಕಿಬಿದ್ದಿದ್ದಾಗ ತನ್ನ ಪಾಲನ್ನು ಅಧಿಕಾರಿಗೆ ಕೊಟ್ಟು ಹೊರಬಂದದ್ದನ್ನೂ ಅವನೇ ಹೇಳಿದ್ದಾನೆ. ಆ ಪಪೈರಸ್ಸಿನ ಅರ್ಧ ಇಂಗ್ಲೆಂಡಿನ ಒಬ್ಬ ಶ್ರೀಮಂತರ ಹತ್ತಿರ ಇತ್ತು. ಉಳಿದರ್ಧ 1935ರಲ್ಲಿ ಬ್ರಸೆಲ್ಸ್ ಮ್ಯೂಸಿಯಂನ ಒಂದು ಮರದ ಗೊಂಬೆಯ ಹೊಟ್ಟೆಯಲ್ಲಿ ಸಿಕ್ಕಿತು. ದೊರೆಯ ಎದೆ ಬಾಯಿ ಬಿಟ್ಟಿತೋ ಇಲ್ಲವೋ, ಕಳ್ಳನದಂತೂ ಬಿಟ್ಟಿತು.

ಇಷ್ಟನ್ನೂ ಹೇಳಿ ಮುಗಿಸುವಾಗ ನಾವು ಹೊರಗೆ ಬಂದು ಗಾರ್ಡನ್ನಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವ್ವ ಸೆರಗಿನ ತುದಿಯಲ್ಲಿ ಕಟ್ಟಿದ್ದ ಅಡಿಕೆ ಬಿಚ್ಚಿದಳು. "ಎದಿ ಮ್ಯಾಲ ಕಲ್ಲಿಟ್ಟರ ಎದಿ ಸುಮ್ಮನಿರ್ತದೇನು ತಮ್ಮಾ?" ಎಂದಳು.

ಆಗ ಹೇಳಿದೆ.

ಅಪ್ಪನ ಬಲ ರಟ್ಟೆಯಲ್ಲಿ ಒಂದು ತಾಮ್ರದ ತಾಯಿತವಿತ್ತು. ಏಳು ವರ್ಷದವರಿದ್ದಾಗ ವಿಷಮಜ್ವರದಲ್ಲಿ ಬದುಕಿದ ಮೇಲೆ ಅವರ ಅಜ್ಜಿ ಊರ ದರ್ಗಾದಿಂದ ತಂದು ಕಟ್ಟಿದ್ದು. ಕೊರಳಲ್ಲಿ ಇಷ್ಟಲಿಂಗ, ರಟ್ಟೆಯಲ್ಲಿ ದರ್ಗಾದ ತಾಯಿತ. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಹೈದರಾಬಾದಿನಲ್ಲೂ ದೂರ ಹೊರಟವರ ತೋಳಿಗೆ ನಾಣ್ಯ ಸುತ್ತಿದ ಬಟ್ಟೆ ಕಟ್ಟಿ ಇಮಾಮ್ ಜಾಮಿನ್ ಎನ್ನುತ್ತಾರಲ್ಲ. ಪ್ರತಿ ಉಗಾದಿಗೆ ಅಪ್ಪ ಕರಿ ದಾರ ಬದಲಿಸುತ್ತಿದ್ದರು. ಕೊಳವೆಯ ಬಾಯಿಗೆ ಅರಗು ಮೆತ್ತಿತ್ತು. ಒಳಗೆ ಏನು ಬರೆದಿದೆ ಎಂದು ಅರವತ್ತೈದು ವರ್ಷ ಯಾರೂ ಬಿಚ್ಚಿ ನೋಡಲಿಲ್ಲ. ತಾಯಿತ ಎಂಬ ಶಬ್ದದೊಳಗೆ ತಾಯಿ ಇದ್ದಾಳೆ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ.

ಅಪ್ಪನನ್ನು ಚಿಕಿತ್ಸೆಗೆ ಇಲ್ಲಿಗೆ ಕರೆತಂದಾಗ ಸ್ಕ್ಯಾನ್ ಕೋಣೆಗೆ ಹೋಗುವ ಮುಂಚೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದರು. ದಾರವನ್ನು ಕತ್ತರಿಸಿದ್ದು ನಾನೇ. ತಾಯಿತವನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡವನೂ ನಾನೇ. ಮೂರು ರಾತ್ರಿ ನಿದ್ದೆಯಿಲ್ಲದೆ ಮನೆಗೆ ಬಂದು ಅಂಗಿ ಬಿಚ್ಚಿ ಬಟ್ಟೆಯ ಬುಟ್ಟಿಗೆ ಎಸೆದೆ. ನೆನಪಾಗಿ ಓಡಿದಾಗ ಅಂಗಿ ಒಗೆದು ಒಣಹಾಕಿ ಆಗಿತ್ತು, ಕಿಸೆ ಖಾಲಿ. ಅಪ್ಪ ದಿನಾ ಸಂಜೆ ರಟ್ಟೆ ಮುಟ್ಟಿ ನೋಡಿಕೊಂಡು ಕೇಳುತ್ತಿದ್ದರು, "ಎಲ್ಲೈತೋ ಅದು?" ನಾನು ಸಿಸ್ಟರ್ ಹತ್ತಿರ ಜೋಪಾನ ಇದೆ ಎನ್ನುತ್ತಿದ್ದೆ. ಹದಿನೇಳನೇ ದಿನ ತೀರಿಕೊಂಡರು. ಊರಲ್ಲಿ ಸಮಾಧಿಗೆ ಇಳಿಸುವ ಮುಂಚೆ ಅವ್ವ ಕಿವಿಯಲ್ಲಿ ಕೇಳಿದ್ದಳು, ತಾಯಿತ ಕಟ್ಟಿದ್ದೀಯಿಲ್ಲೋ ಎಂದು. ಕಟ್ಟಿದ್ದೇನೆ, ಅಂಗಿಯ ಒಳಗಿದೆ ಎಂದೆ. ಅಂಗೈಯಲ್ಲಿ ಲಿಂಗ ಇಟ್ಟರು, ಮಣ್ಣು ಹಾಕಿದರು.

ಇದು ಆಗಿ ನಾಲ್ಕು ವರ್ಷ. ಒಬ್ಬರಿಗೂ ಹೇಳಿರಲಿಲ್ಲ.

ಅವ್ವ ಅಡಿಕೆ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದಿದ್ದಳು. ಎದುರಿಗೆ ಯಾರದೋ ಮಕ್ಕಳು ಚೆಂಡಿನ ಹಿಂದೆ ಓಡುತ್ತಿದ್ದವು.

"ಅವರು ಕೇಳಿದಾಗ ಜೋಪಾನ ಐತಿ ಅಂದಿ?"

"ಹೂಂ."

"ಅಂದ ಮ್ಯಾಲ ನಿದ್ದಿ ಮಾಡಿದರೇನು?"

"ಮಾಡಿದರು. ದಿನಾ ಮಾಡಿದರು."

ಮತ್ತೆ ಸುಮ್ಮನಾದಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ನಾನು ಕಾದೆ. ಅವಳು ಕೇಳಿದ್ದು ಇಷ್ಟೇ: "ಒಗಿಯೋ ಮಿಷಿನ್ ಅಡಿಗೆ ನೋಡಿದ್ದೇನು, ಸರಿಯಾಗಿ ಎತ್ತಿ?"

ಎತ್ತಿ ನೋಡಿದ್ದೆ. ಒಂದು ಗುಂಡಿ ಮತ್ತು ಎರಡು ರೂಪಾಯಿ ನಾಣ್ಯ ಸಿಕ್ಕಿದ್ದವು. ಮರುವರ್ಷ ಆ ಮಿಷಿನ್ನನ್ನು ಹಳೆಯದಕ್ಕೆ ಹೊಸದು ಕೊಡುವವರಿಗೆ ಕೊಟ್ಟಾಗಿದೆ. ಹೇಳಿದೆ.

"ಅದರ ಹೊಟ್ಯಾಗ ಇರಬೇಕದು," ಎಂದಳು. ಎದ್ದು ಸೀರೆ ಕೊಡವಿಕೊಂಡಳು.

ಅಸೆಂಬ್ಲಿ ಸ್ಟೇಷನ್ನಿನಲ್ಲಿ ಹೆಂಗಸರನ್ನು ತಪಾಸಣೆ ಮಾಡುವ ಪರದೆಯ ಹಿಂದೆ ಅವ್ವ ಹೋದಳು. ಕೈಯ ಯಂತ್ರ ಕುಂಯ್ ಎಂದದ್ದು ಹೊರಗೆ ನಿಂತ ನನಗೂ ಕೇಳಿಸಿತು. ಕಾವಲಿನ ಹುಡುಗಿ ತೆಲುಗಿನಲ್ಲಿ ಇದೇನಮ್ಮಾ ಎಂದು ಕೇಳಿದಳು. ಅವ್ವ ಕನ್ನಡದಲ್ಲಿ "ತಾಯಿತ" ಎಂದಳು.

"ಓ, ತಾಯೆತ್ತಾ?" ಎಂದಿತು ಒಳಗಿನ ದನಿ. "ಪೋಂಡಿ ಅಮ್ಮಾ."

ಎಲ್.ಬಿ. ನಗರದ ಗಾಡಿ ಎರಡು ನಿಮಿಷಕ್ಕೆ ಬಂತು. ಸೀಟು ಸಿಕ್ಕಿತು. ದಿಲ್‌ಸುಖ್‌ನಗರ ಬರುವ ತನಕ ಅವ್ವ ತನ್ನ ರಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಇಳಿಯುವಾಗ ಕರಿ ದಾರ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಸ್ಟೇಷನ್ ಕೆಳಗಿನ ಫ್ಯಾನ್ಸಿ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಒಂದು ಉಂಡೆ ಕೊಟ್ಟರು.